ಜೀಗುಜ್ಜೆ ಬೇಯುವವರೆಗೆ

"ಎದ್ದೇಳು ಅಂದ್ರೆ ಎದ್ದೇಳಬೇಕು ಗ್ಲೆಂಡಾ! ಬೀದಿ ಬದೀಲಿ ಪೆಟ್ಟಿಗೆ ಮೇಲೆ ಕೂತು ನನ್ನ ಮಾನ ಕಳೀತಿದ್ದೀಯ."

"ನಿನ್ನ ಮಾನ ಅಷ್ಟು ಸಡಿಲವಾಗಿದ್ರೆ ಒಂದು ಪಿನ್ನು ಹಾಕ್ಕೋ. ನಾನು ಏಳಲ್ಲ."

ಅವಳ ಗಂಡ ಡ್ವೈಟ್ ತನ್ನ ಹೂವಿನ ಅಂಗಿಯ ಕಾಲರನ್ನು ಹಿಡಿದೆತ್ತಿ ಗಾಳಿ ಹಾಕಿಕೊಂಡ. ಫಾಲ್ಮತ್ ಬಂದರಿನ ಬುಧವಾರದ ಸಂತೆ ಅವನ ಸುತ್ತ ನೆಲದ ಮೇಲೆಯೇ ಹರಡಿಕೊಂಡಿತ್ತು. ಚಪ್ಪಲಿ, ಗೆಣಸು, ಒಳಚಡ್ಡಿ, ಔಷಧಿ ಬೇರು, ಏನು ಬೇಕಿದ್ದರೂ ಸೊಂಟ ಬಗ್ಗಿಸಿಯೇ ಆರಿಸಬೇಕು. ಮಾಳಿಗೆಗಳ ಹಿಂದೆ, ಊರಿಗಿಂತ ಎತ್ತರವಾಗಿ, ಅವರು ಬಂದ ಬಿಳಿ ವಿಹಾರದ ಹಡಗು ನಿಂತಿತ್ತು.

ಗ್ಲೆಂಡಾ ಕೂತಿದ್ದು ತಿಂಡಿ ಮಾರುವ ಮಿಸ್ ಹಯಸಿಂತ್‌ಳ ಒಲೆಯ ಪಕ್ಕದಲ್ಲಿ. ಒಲೆ ಅಂದರೆ ಉದ್ದಕ್ಕೆ ಸೀಳಿದ ಎಣ್ಣೆ ಡ್ರಮ್ಮು. ಅದರೊಳಗಿನ ಕೆಂಡದ ಮೇಲೆ ಹಲಸಿನ ಜಾತಿಯ ಎರಡು ಜೀಗುಜ್ಜೆ ಕಾಯಿ, ಒಂದು ಸಣ್ಣದು, ಒಂದು ತಲೆಗಾತ್ರದ್ದು, ಸಿಪ್ಪೆ ಸಮೇತ ಸುಟ್ಟು ಕಪ್ಪಾಗುತ್ತಿದ್ದವು. ಹಯಸಿಂತ್ ಆಗಾಗ ಬರಿಗೈಯಲ್ಲೇ ಅವನ್ನು ಹೊರಳಿಸುತ್ತಿದ್ದಳು.

"ಹಡಗಲ್ಲಿ ಹದಿನಾಲ್ಕು ಥರದ ತಿಂಡಿ ರಾಶಿ ಬಿದ್ದಿದೆ," ಡ್ವೈಟ್ ಹೇಳಿದ. "ಈ ಇದ್ದಿಲಿನ ಉಂಡೆಗೆ ಒಂದು ಗಂಟೆ ಕಾಯ್ತೀಯ?"

"ಇದ್ದಿಲು ಹೊರಗೆ ಮಾತ್ರ ಯಜಮಾನ್ರೇ," ಹಯಸಿಂತ್ ತಲೆ ಎತ್ತದೆ ಹೇಳಿದಳು. "ಕೆಲವರು ಹೊರಗೆ ಬೆಳ್ಳಗಿರ್ತಾರೆ, ಒಳಗೆ ಬೆಂದೇ ಇರಲ್ಲ."

ಗ್ಲೆಂಡಾ ನಕ್ಕುಬಿಟ್ಟಳು. ಡ್ವೈಟ್‌ನ ಕಿವಿ ಕೆಂಪಾಯಿತು.

"ಎಷ್ಟು ಹೊತ್ತು ಬೇಕಮ್ಮಾ ಇದಕ್ಕೆ?" ಅವನು ಕೇಳಿದ.

"ತೊಟ್ಟಿನಿಂದ ಆವಿ ಬಂದಾಗ ಆಯ್ತು ಅಂತ. ಅದಕ್ಕೆ ಮುಂಚೆ ಕುಯ್ದರೆ ಅಂಟು. ಅವಸರ ಇದ್ರೆ ಅಲ್ಲಿ ಬಿಸ್ಕತ್ತು ಮಾರ್ತಾರೆ ನೋಡಿ."

"ನನಗೆ ಅವಸರ ಇಲ್ಲ," ಗ್ಲೆಂಡಾ ಹೇಳಿದಳು. "ಅವನಿಗೆ ಇದೆ. ಯಾಕೆ ಅಂತ ಹೇಳೋ, ನಾಚಿಕೆ ಯಾಕೆ?"

"ಹತ್ತನೇ ಮಹಡಿ ಕಂಬಿ ಹತ್ರ ಜಾಗ ಹಿಡೀಬೇಕು, ಅಷ್ಟೇ! ತಡವಾದ್ರೆ ಮುಂದಿನ ಸಾಲು ಸಿಗಲ್ಲ. ಎಲ್ಲಾರೂ ನೋಡ್ತಾರೆ. ತಮಾಷೆ ಕಣೇ ಅದು!"

ತಮಾಷೆ ಏನೆಂದರೆ, ಹಡಗು ಹೊರಡುವ ಹೊತ್ತಿಗೆ ತಡವಾಗಿ ಓಡಿಬರುವವರನ್ನು ಮೇಲಿನಿಂದ ನೋಡುವುದು. ಕೈಯಲ್ಲಿ ಗ್ಲಾಸು ಹಿಡಿದ ನೂರಾರು ಜನ ಕಂಬಿಗೆ ಒರಗಿ ಚಪ್ಪಾಳೆ ತಟ್ಟುತ್ತಾರೆ, ಕೇಕೆ ಹಾಕುತ್ತಾರೆ. ಮೊನ್ನೆ ಬೇರೊಂದು ಬಂದರಿನಲ್ಲಿ ಒಬ್ಬ ಮುದುಕಿ ಹಾಗೆ ಓಡಿಬಂದಳು. ಅರ್ಧ ದಾರಿಯಲ್ಲಿ ಒಂದು ಚಪ್ಪಲಿ ಕಳಚಿತು. ಅದನ್ನು ಹಾಕಿಕೊಳ್ಳಲೋ ಬಿಡಲೋ ಎಂದು ಆಕೆ ಗಿರಕಿ ಹೊಡೆಯುವಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಡ್ವೈಟ್. ಗ್ಲೆಂಡಾ ಆ ದಿನ ಊಟಕ್ಕೆ ಹೋಗಲಿಲ್ಲ.

ಇಂಡಿಯಾನಾದ ತನ್ನ ಊರಿನಲ್ಲಿ ಅವಳು ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿದವಳು. ಓಡಿಬರುವ ಮಗುವನ್ನು ಬಿಟ್ಟು ಹೊರಟವಳಲ್ಲ, ಯಾವ ಮಗುವನ್ನೂ ಓಡಿಸಿದವಳೂ ಅಲ್ಲ. ಹೊಲದಾಚೆ ಯಾವುದಾದರೂ ಮಗು ಬ್ಯಾಗು ಎಳೆದುಕೊಂಡು ಓಡುವುದು ಕಂಡರೆ ಬಾಗಿಲು ತೆರೆದು, ಕಿಟಕಿಯಿಂದ ಕೈ ಹೊರಗೆ ಹಾಕಿ, ನಿಧಾನ, ನಿಧಾನ ಎಂದು ಸನ್ನೆ ಮಾಡುವಳು. ಬಸ್ಸಿನೊಳಗಿನ ಮಕ್ಕಳು ನಕ್ಕರೆ ಕನ್ನಡಿಯಲ್ಲೇ ಒಂದು ನೋಟ ಬೀರುವಳು, ಅಷ್ಟು ಸಾಕು. ತಡ ಮಾಡಿದ್ದಕ್ಕೆ ಕಚೇರಿಯಿಂದ ಮೂರು ಸಲ ಎಚ್ಚರಿಕೆ ಪತ್ರ ಬಂದಿತ್ತು. ಮೂರನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು.

"ನೀನು ಹೋಗು," ಅವಳು ಹೇಳಿದಳು. "ಒಂದೇ ಒಂದು ದಿನ ನೆಲದ ಮೇಲೆ ಕಾಲಿಟ್ಟಿದ್ದೀನಿ. ಇದನ್ನ ತಿಂದೇ ಬರೋದು."

ಡ್ವೈಟ್ ಫೋನು ನೋಡಿದ. ಎರಡೂವರೆ. ಹಡಗು ಹತ್ತಲು ಕೊನೆಯ ಗಡುವು ನಾಲ್ಕೂವರೆ, ಹೊರಡುವುದು ಐದಕ್ಕೆ. "ಮೂರೂವರೆವರೆಗೆ ಕೊಟ್ಟಿದ್ದೀನಿ. ಆಮೇಲೆ ಒಂದು ನಿಮಿಷ ಇಲ್ಲ," ಎಂದು ಬಿಯರಿನ ಅಂಗಡಿ ಕಡೆಗೆ ನಡೆದ.

ಅವನು ಹೋದ ಮೇಲೆ ಹಯಸಿಂತ್ ಕೇಳಿದಳು, "ಮನೇಲೂ ಹೀಗೇನಾ?"

"ಮನೇಲಿ ಕಂಬಿ ಇಲ್ಲ."

ಇಬ್ಬರೂ ನಕ್ಕರು. ಹಯಸಿಂತ್ ಮಾತಾಡುತ್ತಾ ಉಪ್ಪು ಮೀನನ್ನು ಈರುಳ್ಳಿಯ ಜೊತೆ ಹುರಿದಳು. ಗ್ಲೆಂಡಾ ಶೂ ಬಿಚ್ಚಿ, ಎರಡು ವರ್ಷದ ಹಿಂದೆ ಕುಯ್ದು ಲೋಹ ಕೂರಿಸಿದ ಮಂಡಿಯ ಕಾಲನ್ನು ಚಾಚಿಕೊಂಡು ಕೂತಳು. ಏನೂ ಮಾಡದೆ ಹೀಗೆ ಕೂತು ಎಷ್ಟು ವರ್ಷವಾಯಿತೋ ಅವಳಿಗೆ ನೆನಪಿಲ್ಲ. ಹಡಗಿನಲ್ಲಿ ಎಲ್ಲಕ್ಕೂ ಸಾಲು, ಎಲ್ಲಕ್ಕೂ ಗಂಟೆ.

ಸಣ್ಣ ಕಾಯಿಯ ತೊಟ್ಟಿನಿಂದ ತೆಳ್ಳಗೆ ಆವಿ ಎದ್ದಿತು. ಹಯಸಿಂತ್ ಸಿಪ್ಪೆ ಕೆತ್ತಿದಾಗ ಒಳಗೆ ಹಳದಿ ಬಣ್ಣದ ತಿರುಳು. ಬೆಣ್ಣೆ ಸವರಿ, ಮೇಲೆ ಮೀನು ಹಾಕಿ ಕೊಟ್ಟಳು. ಗ್ಲೆಂಡಾ ಬೆರಳು ಸುಟ್ಟುಕೊಂಡು, ಊದಿ ಊದಿ ತಿಂದಳು.

"ದೊಡ್ಡದು ಆಗಿಲ್ವಾ?"

"ಅದು ಗಟ್ಟಿ ಹೆಂಗಸು ತಾಯೀ. ಅದರ ಟೈಮಿಗೆ ಅದು."

ಆಗಲೇ ಹಡಗು ಕೂಗಿತು. ಸಂತೆಯ ನಾಯಿಗಳೆಲ್ಲ ಎದ್ದು ನಿಂತವು. ಬಿಯರು ಹಿಡಿದು ಬರುತ್ತಿದ್ದ ಡ್ವೈಟ್ ಮತ್ತೆ ಫೋನು ನೋಡಿದ.

"ಮೂರು ನಲವತ್ತು. ಇನ್ನೂ ಐವತ್ತು ನಿಮಿಷ ಇದೆಯಲ್ಲ, ಯಾಕೆ ಬಡ್ಕೋತಿದೆ?"

"ಈ ಬೇಸಿಗೇಲಿ ಹಡಗಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ ಯಜಮಾನ್ರೇ," ಹಯಸಿಂತ್ ಹೇಳಿದಳು. "ನಿಮ್ಮ ಫೋನು ಇಳಿದ ತಕ್ಷಣ ನಮ್ಮ ಗಂಟೆಗೆ ಬಂದಿರುತ್ತೆ. ಪ್ರತಿ ಬುಧವಾರ ಯಾರಾದ್ರೂ ಒಬ್ರು ಓಡ್ತಾರೆ. ಈ ವಾರ ಯಾರಪ್ಪಾ ಅಂದ್ಕೊಂಡಿದ್ದೆ."

ಡ್ವೈಟ್ ಹೆಂಡತಿಯ ಕೈಗಡಿಯಾರ ನೋಡಿದ. ಅದೂ ಮೂರು ನಲವತ್ತು.

"ನನ್ನನ್ನ ಯಾಕೆ ನೋಡ್ತೀಯ? ಹಡಗಿನ ಗಂಟೇನೇ ಇಟ್ಕೊಳ್ಳಿ ಅಂತ ಮೈಕಲ್ಲಿ ಹೇಳಿದ್ರು ಅಂದೆ. ಫೋನಿಗೆ ಆಕಾಶದಿಂದಲೇ ಗೊತ್ತಾಗುತ್ತೆ ಅಂತ ನನ್ನ ಕೈ ಹಿಡಿದು ಮುಳ್ಳು ತಿರುಗಿಸಿದ್ದು ಯಾರು?"

ಡ್ವೈಟ್ ಆಗಲೇ ಬಿಯರು ಬಿಸಾಡಿ ಓಡತೊಡಗಿದ್ದ. "ನಾನು ಮುಂದೆ ಹೋಗಿ ನಿಲ್ಲಿಸ್ತೀನಿ, ನೀನು ಓಡಿ ಬಾ!"

ಗ್ಲೆಂಡಾ ಶೂ ಹಾಕಿಕೊಂಡಳು, ದಾರ ಕಟ್ಟಿದಳು. ಪಾಸ್‌ಪೋರ್ಟಿದ್ದ ಚೀಲ ಸೊಂಟದಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡಳು. ಆಮೇಲೆ ನಡೆದಳು.

ಹಡಗು ನಿಲ್ಲುವ ಧಕ್ಕೆ ಉದ್ದಕ್ಕೆ ಬಿಸಿಲಿನಲ್ಲಿ ಬಿದ್ದಿತ್ತು. ಹಡಗಿನ ಕಂಬಿಗಳ ಹಿಂದೆ ಮಹಡಿ ಮಹಡಿಗೂ ಜನ. ಡ್ವೈಟ್ ಹೊಟ್ಟೆ ಕುಲುಕಿಸುತ್ತಾ ಓಡುತ್ತಿದ್ದ.

"ಓಡು ತಾತಾ, ಓಡು!"

"ಹೊಟ್ಟೆ ಆಮೇಲೆ ಬರ್ಲಿ, ನೀನು ಮೊದಲು ಬಾ!"

ಅವಳಿಗೆ ಅಯ್ಯೋ ಅನ್ನಿಸಿತು. ಕಟ್ಟಿಕೊಂಡ ಗಂಡ. ಈ ನಗು ಈಗ ಅವನಿಗೂ ಚುಚ್ಚುತ್ತಿರಬೇಕು, ಇವತ್ತಾದರೂ ಅರ್ಥವಾಗುತ್ತದೆ ಎಂದುಕೊಂಡಳು. ಡ್ವೈಟ್ ಹಡಗಿನ ಬಾಗಿಲು ತಲುಪಿದ. ಎರಡು ಕೈಯನ್ನೂ ಮೇಲೆತ್ತಿ, ಪಂದ್ಯ ಗೆದ್ದವನ ಹಾಗೆ ಒಂದು ಸುತ್ತು ತಿರುಗಿದ. ಮೇಲಿನವರು ಹುಯ್ಯೆಂದರು. ಆಮೇಲೆ ಅವನು ಇವಳ ಕಡೆ ಬೆರಳು ತೋರಿಸಿ ಕೂಗಿದ:

"ಅವಳ ಹೆಸರು ಗ್ಲೆಂಡಾ!"

ಮತ್ತು ಚಪ್ಪಾಳೆ ತಟ್ಟಲು ಶುರುಮಾಡಿದ. ಒಂದು, ಎರಡು. ಒಂದು, ಎರಡು. ಇಡೀ ಹಡಗು ತಾಳ ಹಿಡಿಯಿತು. "ಗ್ಲೆನ್‌! ಡಾ! ಗ್ಲೆನ್‌! ಡಾ!"

ಅವಳು ನಿಂತಳು. ಬಾಗಿಲಿಗೂ ಅವಳಿಗೂ ನಲವತ್ತು ಹೆಜ್ಜೆಯಿರಬಹುದು. ಹಡಗಿನ ಸಿಬ್ಬಂದಿಯವಳೊಬ್ಬಳು ಪಟ್ಟಿ ಹಿಡಿದು ಇವಳತ್ತ ಬಂದಳು.

"ಬನ್ನಿ ಮೇಡಂ, ನೀವೇ ಕೊನೆಯವರು."

"ನಾನು ಓಡದಿದ್ರೆ ಬಾಗಿಲು ಮುಚ್ತೀರಾ?"

"ಛೆ, ಇಲ್ಲ ಮೇಡಂ. ನಡೆದೇ ಬನ್ನಿ. ಕಾಯ್ತೀವಿ."

"ಒಳ್ಳೇದಾಯ್ತು," ಗ್ಲೆಂಡಾ ಹೇಳಿದಳು. "ಹಾಗಾದ್ರೆ ತಡವಾಗಿ ಹಡಗು ತಪ್ಪಿತು ಅಂತ ಬರೀಬೇಡಿ. ನಾನೇ ಬರಲಿಲ್ಲ ಅಂತ ಬರ್ಕೊಳ್ಳಿ."

ಅವಳು ತಿರುಗಿದಳು. ತಾಳ ಇನ್ನೂ ನಾಲ್ಕೈದು ಸಲ ಬಿತ್ತು, ಆಮೇಲೆ ಅಲ್ಲಲ್ಲಿ ತಪ್ಪಿತು.

"ಗ್ಲೆಂಡಾ! ಎಲ್ಲಿಗೇ? ತಮಾಷೆ ಕಣೇ! ಗ್ಲೆಂಡಾ!"

ಅವಳು ಕುತ್ತಿಗೆಯನ್ನಷ್ಟೇ ಹೊರಳಿಸಿ ಹೇಳಿದಳು, "ನಿನಗೆ ಜಾಗ ಸಿಕ್ಕಿತಲ್ಲ ಡ್ವೈಟ್. ಮುಂದಿನ ಸಾಲೇ. ನೋಡ್ಕೋ."

ಬಂದಷ್ಟೇ ನಿಧಾನವಾಗಿ ನಡೆದಳು. ಅವನ ಹೆಜ್ಜೆಯ ಸದ್ದಿಗೆ ಗೇಟಿನವರೆಗೂ ಒಂದು ಕಿವಿ ಕೊಟ್ಟಿದ್ದಳು. ಬರಲಿಲ್ಲ. ಗೇಟಿನ ಕಾವಲುಗಾರ ಏನೋ ಕೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಬದಿಗೆ ಸರಿದ.

ಸಂತೆ ಅರ್ಧ ಕಳಚಿತ್ತು. ಅವಳು ಕೂತಿದ್ದ ಹಣ್ಣಿನ ಪೆಟ್ಟಿಗೆ ಬಿಟ್ಟಲ್ಲೇ ಇತ್ತು. ಹಯಸಿಂತ್ ಅವಳನ್ನು ನೋಡಿದಳು, ಕೆಂಡ ಕೆದಕಿದಳು. ಗ್ಲೆಂಡಾ ಕೂತು ಶೂ ಬಿಚ್ಚಿದಳು. ಮಾಳಿಗೆಗಳ ಹಿಂದೆ ಹಡಗು ಮೂರು ಸಲ ದೀರ್ಘವಾಗಿ ಕೂಗಿ ಹೊರಟಿತು. ದೊಡ್ಡ ಜೀಗುಜ್ಜೆಯ ತೊಟ್ಟಿನಿಂದ ಇನ್ನೂ ಆವಿ ಬಂದಿರಲಿಲ್ಲ.