ಅಮ್ಮನ ತಗಡಿನ ಲೋಟ

"ಏಯ್ ಲೌಡಿ, ಆ ಲೋಟಕ್ಕೆ ಬಾಯಿ ಹಾಕಿದ್ರೆ ಹಲ್ಲು ಉದುರಿಸ್ತೀನಿ. ಗಡಿ ದಾಟಿ ಬಂದೋಳಿಗೆ ನಮ್ಮ ಲೋಟ ಬೇಕಂತೆ."

ಮೇಸ್ತ್ರಿ ಹೀಗೆಂದಾಗ ಹೊಸಬಳು ನೀರು ಚೆಲ್ಲಿ ಲೋಟವನ್ನು ಗೂಟಕ್ಕೆ ಸಿಕ್ಕಿಸಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಆ ಶೆಡ್ಡಿನಲ್ಲಿ ನಾವು ಹತ್ತು ಹೆಂಗಸರಿದ್ದೆವು. ಅವಳಿಗಾದ ಅವಮಾನ ಕಂಡು ನನಗಂತೂ ಹೊಟ್ಟೆ ತಣ್ಣಗಾಯಿತು.

ಅದಕ್ಕೆ ಕಾರಣ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಒದ್ದೆ ಬೆಡ್‌ಶೀಟ್ ಹಿಂಡಲು ಇಬ್ಬರು ಬೇಕು, ಆ ತುದಿಗೊಬ್ಬಳು, ಈ ತುದಿಗೊಬ್ಬಳು. ಹದಿನಾಲ್ಕು ವರ್ಷ ಅತ್ತಿಗೆಯ ಎದುರು ತುದಿ ಹಿಡಿದವಳು ನಾನು. ಈ ಹೊಸಬಳು ಬಂದ ಮೂರೇ ವಾರಕ್ಕೆ, ಇವಳ ಕೈ ಗಟ್ಟಿ, ನನ್ನ ಭುಜಕ್ಕೆ ಆರಾಮ ಎಂದು ಅತ್ತಿಗೆ ಅವಳನ್ನು ಜೊತೆ ಮಾಡಿಕೊಂಡಳು. ಇಬ್ಬರೂ ಹಿಂಡುತ್ತಾ ನಗುತ್ತಿದ್ದರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ನನ್ನ ಜೊತೆ ಅತ್ತಿಗೆ ಹಾಗೆ ನಕ್ಕಿದ್ದು ಯಾವಾಗಲೋ.

"ಇವಳಿಗೊಂದು ಬೇರೆ ಲೋಟ ಹುಡುಕ್ರೇ," ಎಂದ ಮೇಸ್ತ್ರಿ.

"ನಾನು ತರ್ತೀನಿ ಸಾರ್," ಎಂದೆ.

ಮನೆಯ ಅಟ್ಟದ ಮೇಲೆ ಅಮ್ಮನ ತಗಡಿನ ಲೋಟವಿತ್ತು. ಹಿಡಿ ಮುರಿದು ತಂತಿ ಸುತ್ತಿದ್ದು. ಅಮ್ಮನೂ ಗಡಿಯಾಚೆಯಿಂದ ಬಂದವಳೇ. ಆಗಲೂ ಚುನಾವಣೆ ಜೀಪಿನ ಮೈಕಿನಲ್ಲಿ ಇದೇ ಮಾತು, ಹೊರಗಿನವರು ನಮ್ಮ ಅನ್ನ ಕಿತ್ತುಕೊಂಡರು ಅಂತ. ಇದೇ ಶೆಡ್ಡಿನಲ್ಲಿ ಅಮ್ಮ ಹನ್ನೊಂದು ವರ್ಷ ಆ ಲೋಟದಲ್ಲೇ ನೀರು ಕುಡಿದಳು. ನಾನು ಇಲ್ಲೇ ಹುಟ್ಟಿದೆ, ಇಲ್ಲಿಯವರ ಹಾಗೇ ಬೆಳೆದೆ, ಜನ ಮರೆತರು. ನಾನೂ ಮರೆತವಳ ಹಾಗೆ ಲೋಟಕ್ಕೆ ಬೂದಿ ಹಾಕಿ ತಿಕ್ಕಿ ಮರುದಿನ ತಂದೆ.

ಹೊಸಬಳು ಎರಡೂ ಕೈಯಲ್ಲಿ ಇಸಿದುಕೊಂಡಳು. "ನಂಗೋಸ್ಕರ ತಂದ್ಯಾ ಅಕ್ಕಾ? ಈ ಊರಲ್ಲಿ ಯಾರೂ ನಂಗೆ ಏನೂ ಕೊಟ್ಟಿರ್ಲಿಲ್ಲ."

ಅವಳ ಮುಖ ನೋಡಲು ನನಗಾಗಲಿಲ್ಲ. ಅತ್ತಿಗೆ ಲೋಟವನ್ನೇ ನೋಡುತ್ತಿದ್ದಳು.

"ಇದು ನಮ್ಮತ್ತೇದು," ಎಂದಳು. "ಸಾಯೋವಾಗಲೂ ಇದನ್ನ ಯಾರ ಕಣ್ಣಿಗೂ ಬೀಳಿಸ್ಬೇಡಿ ಅಂದಿದ್ರು. ಹೆತ್ತೋಳನ್ನೇ ತಂದು ಗೂಟಕ್ಕೆ ನೇತು ಹಾಕೋಕೆ ಹೊರಟ್ಯಲ್ಲೇ."

ಲೋಟ ಕಿತ್ತುಕೊಂಡು ನಲ್ಲಿಗೆ ಹಿಡಿದು ಗಟಗಟ ಕುಡಿದಳು. ಮತ್ತೆ ತುಂಬಿಸಿ ಹೊಸಬಳಿಗೆ ಕೊಟ್ಟಳು. ಅವಳು ಕುಡಿದು ಮುಗಿಸಿದ ಮೇಲೆ ತಾನು ಮತ್ತೊಂದು ಗುಟುಕು ಕುಡಿದಳು. ಮೇಸ್ತ್ರಿ ಓಡಿ ಬಂದ.

"ಮಾನಗೆಟ್ಟ ಮುಂಡೆ, ಹೊರಗಿನೋಳ ಎಂಜಲು ಕುಡೀತೀಯಾ? ಅವಳ ಜೊತೆ ನೀನೂ ಗೇಟಿನಾಚೆ ನಡಿ."

"ನಡಿ ತಂಗಿ," ಎಂದು ಅತ್ತಿಗೆ ಹೊಸಬಳ ಕೈ ಹಿಡಿದಳು.

ನನ್ನನ್ನು ಅವಳು ಎಂದೂ ತಂಗಿ ಎಂದು ಕರೆದಿರಲಿಲ್ಲ. ಆ ಹೊತ್ತಿನಲ್ಲೂ ನನಗೆ ಉರಿದದ್ದು ಅದಕ್ಕೇ. ಇಬ್ಬರೂ ತಿರುಗಿ ನೋಡದೆ ಹೋದರು. ಲೋಟವನ್ನೂ ಒಯ್ದರು.

"ಹಾಳಾಗಿ ಹೋಗ್ಲಿ. ನೀನು ನಮ್ಮೋಳು," ಎಂದ ಮೇಸ್ತ್ರಿ. "ತಗೋ, ಹಿಂಡು."

ನೀರು ಸೋರುತ್ತಿದ್ದ ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿತ್ತು. ಇನ್ನೊಂದು ನೆಲದ ಮೇಲೆ ಬಿದ್ದಿತ್ತು. ಅದನ್ನೆತ್ತಲು ಉಳಿದ ಹೆಂಗಸರು ಯಾರೂ ಬಗ್ಗಲಿಲ್ಲ. ನಾನು ಅದನ್ನು ಕಾಲಿನಿಂದ ಅವನ ಬೂಟಿನ ಮೇಲೆ ತಳ್ಳಿದೆ.

"ನಾನು ಆ ಲೋಟದೋಳ ಮಗಳು ಕಣೋ," ಎಂದೆ. "ಬಾ, ಆ ತುದಿ ನೀನು ಹಿಡಿ."