ದರ್ಜಿಯ ಊದಿದ ಕೆನ್ನೆ

ರೂಟ್ ಕೆನಾಲ್ ಮಾಡಿಸಿಕೊಂಡು ಅಂಗಡಿಗೆ ಮರಳಿದಾಗ ದರ್ಜಿಗೆ ಬಲಗಡೆ ಮುಖ ಇದೆಯೋ ಇಲ್ಲವೋ ಎಂಬಷ್ಟು ಜೋಮು. ನೋವೇ ಇಲ್ಲದ ಮೇಲೆ ಮಾತ್ರೆ ಯಾಕೆಂದು ಹಲ್ಲಿನ ಡಾಕ್ಟರಮ್ಮ ಕೊಟ್ಟ ಪೊಟ್ಟಣವನ್ನು ಖಾನೆಯೊಳಗೆ ಹಾಕಿ, ಕೋಟೊಂದಕ್ಕೆ ತೋಳು ಕೂಡಿಸಲು ಕೂತ. ಜೋಮು ಇಳಿಯುತ್ತಾ ಬಂದಂತೆ ನೋವು ಏರಿತು. ಮರುದಿನ ಬೆಳಿಗ್ಗೆ ಕನ್ನಡಿ ನೋಡಿಕೊಂಡರೆ ಕೆನ್ನೆ ಬನ್ನಿನಂತೆ ಉಬ್ಬಿತ್ತು.

ಅವನ ಜೊತೆಯಲ್ಲೇ ಇದ್ದು ಕಾಜಾ, ಗುಂಡಿ ನೋಡಿಕೊಳ್ಳುತ್ತಿದ್ದ ಅಕ್ಕ ಗಾಬರಿಯಾದಳು. ಬಟ್ಟೆಯ ಗಂಟನ್ನು ಇಸ್ತ್ರಿಪೆಟ್ಟಿಗೆಗೆ ಒತ್ತಿ ಬಿಸಿ ಮಾಡಿ ಶಾಖ ಕೊಟ್ಟಳು. ಮೊದಮೊದಲು ಹಾಯೆನಿಸಿತು. ಆಮೇಲೆ ಕೆನ್ನೆ ಇನ್ನಷ್ಟು ಬಿಗಿದುಕೊಂಡು ದವಡೆ ಮಿಡಿಯತೊಡಗಿತು. ನರವನ್ನೇ ತೆಗೆದ ಮೇಲೆ ನೋಯುವುದು ಹೇಗೆ? ಡಾಕ್ಟರಮ್ಮ ಬೇರೆ ಹಲ್ಲಿಗೇ ಕೈ ಹಾಕಿದ್ದಾರೆ ಎಂದು ಅವನಿಗೆ ಗುಮಾನಿ. ಕಿತ್ತೇ ಬಿಡಿ ಎನ್ನಲು ಹೊರಟ. ಅಕ್ಕ ಅಂಗಡಿಗೆ ಬೀಗ ಹಾಕಿ ಹಿಂದೆಯೇ ನಡೆದಳು.

ಡಾಕ್ಟರಮ್ಮ ದೀಪ ಬಿಟ್ಟು ನೋಡಿ, ಹಲ್ಲನ್ನು ಮೆಲ್ಲನೆ ತಟ್ಟಿದರು. ಜ್ವರ ಬಂದಿದೆಯೇ, ನುಂಗಲು ಕಷ್ಟವೇ ಎಂದು ವಿಚಾರಿಸಿದರು. ಎರಡೂ ಇರಲಿಲ್ಲ.

"ಹಲ್ಲಿನ ಒಳಗಿನ ನರ ಹೋಯ್ತು. ಬೇರಿನ ಸುತ್ತ ಇರೋ ಜಾಗ ಇನ್ನೂ ಹಸಿಯಾಗಿದೆ, ನೋಯ್ತಿರೋದು ಅದು. ಮಾತ್ರೆ ತಗೊಂಡ್ರಾ?"

ದರ್ಜಿ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು.

"ಇವನು ಮಾತ್ರೆ ಮುಟ್ಟಲಿಲ್ಲ ಡಾಕ್ಟ್ರೇ. ನಾನು ಬಿಸಿ ಶಾಖ ಕೊಟ್ಟುಬಿಟ್ಟೆ."

ಡಾಕ್ಟರಮ್ಮ ಬೈಯಲಿಲ್ಲ. ಈಗ ಶಾಖ ಬೇಡ, ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗಿನಿಂದ ಸ್ವಲ್ಪ ಹೊತ್ತು ಇಟ್ಟು ತೆಗೆಯುತ್ತಿರಿ ಎಂದರು. ಊಟ ಮಾಡಿ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕು, ತಲೆ ಎತ್ತರಕ್ಕಿಟ್ಟು ಮಲಗಬೇಕು, ಆ ಕಡೆ ಅಗಿಯಬಾರದು. ಊತ ಕಣ್ಣಿಗೋ ಕತ್ತಿಗೋ ಹರಡಿದರೆ, ಜ್ವರ ಬಂದರೆ, ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯೂ ತಡಮಾಡಬಾರದು. ಇಷ್ಟು ಕೇಳಿದ ಮೇಲೆ ಹಲ್ಲು ಕೀಳಿಸುವ ಮಾತನ್ನು ದರ್ಜಿ ಎತ್ತಲೇ ಇಲ್ಲ.

ಮನೆಯಲ್ಲಿ ಐಸ್ ಸುತ್ತುತ್ತಾ ಅಕ್ಕ ಅಂದಳು: "ನನ್ನಿಂದಲೇ ಹೆಚ್ಚಾಯ್ತೇನೋ."

"ಹೆಚ್ಚಾಗಿದ್ದು ನನ್ನ ಅತಿಬುದ್ಧಿಯಿಂದ. ನೀನು ಐಸ್ ಇಡು."

ಸಂಜೆಗೆ ನೋವು ಹತೋಟಿಗೆ ಬಂತು. ದಿಂಬಿನ ಮೇಲೆ ದಿಂಬು ಹಾಕಿ ಒರಗಿದವನಿಗೆ ಗಡದ್ದಾಗಿ ನಿದ್ದೆ ಹತ್ತಿತು. ಊತ ಮಾತ್ರ ಇನ್ನೊಂದು ದಿನ ಹಟ ಹಿಡಿದು, ಆಮೇಲೆ ಮೆಲ್ಲಗೆ ಇಳಿಯತೊಡಗಿತು. ಅಳತೆ ಕೊಡಲು ಬಂದ ಗಿರಾಕಿಯೊಬ್ಬರು ಕೆನ್ನೆಗೆ ಏನಾಯಿತು ಎಂದು ಕೇಳಿದಾಗ ಅಕ್ಕನೇ ಉತ್ತರ ಕೊಟ್ಟಳು.

"ಒಂದು ಕಡೆ ಸ್ವಲ್ಪ ಲೂಸ್ ಆಗಿತ್ತು. ಹೊಲಿಗೆ ಹಿಡಿಸ್ತಾ ಇದ್ದೀವಿ."

ದರ್ಜಿ ನಕ್ಕುಬಿಟ್ಟ. ನಕ್ಕ ಮೇಲೆ ನಾಲಿಗೆಯಿಂದ ಹಲ್ಲನ್ನು ಮುಟ್ಟಿ ನೋಡಿದ. ಅದು ತನ್ನ ಪಾಡಿಗೆ ತಾನಿತ್ತು.