ಅಕ್ಕನ ಕೆಮ್ಮು

ನನ್ನ ಭಾವ ಎವಾರಿಸ್ತ್ ಲೋರ್ಮೆಲ್ ಕವಿಯೆಂದು ಹೆಸರು ಮಾಡಿದ್ದು ಅಕ್ಕನ ಕೂದಲಿನ ಮೇಲೆ ಪದ್ಯ ಬರೆದು. ಆಗ ಪ್ಯಾರಿಸ್ಸಿನ ಹುಡುಗಿಯರು ಅವಳ ಹಾಗೇ ಜಡೆ ಸುತ್ತಿಕೊಂಡು ತಿರುಗುತ್ತಿದ್ದರು. ಆಮೇಲೆ ನಾಟಕಕ್ಕೆ ಕೈ ಹಾಕಿದ. ಮೊದಲಿನವು ನೆಲಕಚ್ಚಿದವು; ಜನ ಮೇಲಿನ ಸಾಲಿನಿಂದ ಸೀಟಿ ಹೊಡೆದು ಕಿತ್ತಳೆ ಸಿಪ್ಪೆ ಎಸೆದರು. ಅದೇ ಚಳಿಗಾಲದಲ್ಲಿ ಅಕ್ಕ ಕ್ಲೋತಿಲ್ಡ್ ಕ್ಷಯ ಹಿಡಿದು ಮಲಗಿದಳು. ನಾನು ಆರೈಕೆಗೆಂದು ಅವರ ಮನೆಗೆ ಬಂದೆ.

ಭಾವ ಹಾಸಿಗೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದ. ನಾನು ಈರುಳ್ಳಿ ಸೂಪು ಕುಡಿಸುವಾಗಲೂ ಬರೆಯುತ್ತಿದ್ದ. ಹೆಂಡತಿಯನ್ನು ಒಂದು ಗಳಿಗೆ ಬಿಟ್ಟಿರಲಾರ ಎಂದು ನೆರೆಹೊರೆಯವರು ಹೊಗಳಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ರೊಸಾಲ್ಬ್ ಎಂಬ ನಟಿಯನ್ನು ಕರೆತಂದ. ಅಕ್ಕನಿಗೆ ಸಂತೋಷವಾಯಿತು, ಯಾರೋ ನೋಡಲು ಬಂದರಲ್ಲ ಎಂದು. ಆಕೆ ಮತ್ತೆ ಮತ್ತೆ ಬಂದಳು.

"ಕೆಮ್ಮು ಗಂಟಲಿಂದ ಬರತ್ತೋ, ಎದೆಯಿಂದಲೋ?" ಎಂದು ಕೇಳಿದಳು.

"ಬೆನ್ನಿಂದ ಬರತ್ತೆ ಕಣಮ್ಮಾ. ಇಲ್ಲಿ ಕೈಯಿಟ್ಟು ನೋಡು," ಎಂದಳು ಅಕ್ಕ.

ಇನ್ನೊಂದು ದಿನ ಅಕ್ಕನಿಗೆ ಉಸಿರೇ ಸಿಗದಂತೆ ಕೆಮ್ಮು ಬಂತು. ನಾನು ಅಫೀಮಿನ ಔಷಧಿ ಬಗ್ಗಿಸುತ್ತಿದ್ದೆ. ಭಾವ ನನ್ನ ಕೈ ಹಿಡಿದ.

"ಸ್ವಲ್ಪ ತಡಿ, ಹರ್ಮಾನ್ಸ್. ಕುಡಿಸಿಬಿಟ್ರೆ ನಿಂತೋಗತ್ತೆ. ರೊಸಾಲ್ಬ್ ಈಗಷ್ಟೇ ಬಂದಿದಾರೆ."

ಅಕ್ಕನಿಗೆ ಎಲ್ಲ ಅರ್ಥವಾಯಿತು. ಕರವಸ್ತ್ರದಿಂದ ರಕ್ತ ಒರೆಸಿಕೊಂಡು ನಕ್ಕಳು. "ನೋಡ್ಲಿ ಬಿಡೇ. ಟಿಕೆಟ್ಟಿಲ್ಲದ ಆಟ."

ವಸಂತದಲ್ಲಿ, ಹಾಸಿಗೆಯ ಪಕ್ಕ ಕೂತು ಬರೆದ ಆ ನಾಟಕ ರಂಗಕ್ಕೆ ಬಂತು; ಕ್ಷಯದಿಂದ ಸಾಯುವ ಹೆಂಡತಿಯ ಪಾತ್ರ ರೊಸಾಲ್ಬ್‌ಳದು. ಊರಿಗೆ ಊರೇ ಅತ್ತಿತು. ಹೆಂಡತಿ ಸತ್ತ ದುಃಖದಲ್ಲಿ ಕವಿ ಬರೆದದ್ದು ಎಂದು ಪತ್ರಿಕೆಗಳು ಬರೆದವು. ಭಾವ ಅಲ್ಲ ಅನ್ನಲಿಲ್ಲ. ಸೂತಕದ ಕಪ್ಪು ಕೋಟು ಹೊಲಿಸಿಕೊಂಡ. ಆದರೆ ಅಕ್ಕ ಬದುಕಿದ್ದಳು. ಬಿಸಿಲು ಬಂದ ಮೇಲೆ ಎದ್ದು ಕಿಟಕಿಯ ತನಕ ನಡೆಯುತ್ತಲೂ ಇದ್ದಳು.

"ನನ್ನ ಸಾವು ಹೇಗಿದೆ, ನಾನೂ ನೋಡ್ಬೇಕು," ಎಂದು ಹಟ ಹಿಡಿದಳು. ಒಂದು ಭಾನುವಾರ, ಭಾವ ಮನೆಯಲ್ಲಿಲ್ಲದಾಗ, ಹಗಲಿನ ಆಟಕ್ಕೆ ಕರೆದುಕೊಂಡು ಹೋದೆ.

ಕೊನೆಯ ಅಂಕದಲ್ಲಿ ರೊಸಾಲ್ಬ್ ಹಾಸಿಗೆಯಲ್ಲಿ ಎದ್ದು ಕೂತು, ಗಂಡನನ್ನು ಕ್ಷಮಿಸಿದೆ ಎಂದು ಕೊನೆಯ ಮಾತು ಹೇಳಿ, ಬೆನ್ನಿಗೆ ಕೈಯೊತ್ತಿ ಕೆಮ್ಮಿದಳು. ಸುತ್ತ ಬಿಕ್ಕುವ ಸದ್ದು. ಅಷ್ಟರಲ್ಲಿ ಅಕ್ಕನಿಗೂ ಕೆಮ್ಮು ಒತ್ತರಿಸಿಕೊಂಡು ಬಂತು.

"ಏನಮ್ಮಾ, ಅಣಕಿಸ್ತಿದೀಯಾ?" ಎಂದು ಮುಂದಿನ ಸಾಲಿನವಳು ತಿರುಗಿದಳು.

"ರೊಸಾಲ್ಬ್‌ನ ನೋಡಿ ಕಲ್ತಿದಾಳೆ, ಅದೂ ಸರಿಯಾಗಿ ಬರಲ್ಲ! ಆಚೆ ಹಾಕ್ರೋ!" ಎಂದು ಒಬ್ಬ ಕೂಗಿದ. ಅಳುತ್ತಿದ್ದವರೇ ನಕ್ಕರು.

ಭಾವ ಮೇಲಿನ ಬಾಲ್ಕನಿಯಲ್ಲಿ ಎದ್ದು ನಿಂತದ್ದು ಕಂಡಿತು. "ಭಾವಾ!" ಎಂದು ಕಿರುಚಿದೆ. ಅವನು ನಮ್ಮನ್ನು ನೋಡಿದ. ನೋಡಿ ಬಾಗಿಲ ಕಾವಲಿನವರಿಗೆ ಕೈಸನ್ನೆ ಮಾಡಿದ. ಅವರು ಅಕ್ಕನ ತೋಳು ಹಿಡಿದು ಎಳೆದೊಯ್ಯುವಾಗ ರಂಗದ ಮೇಲೆ ರೊಸಾಲ್ಬ್ ಇನ್ನೂ ಜೋರಾಗಿ ಕೆಮ್ಮಿದಳು.

ಮನೆಗೆ ಬಂದವನೇ ಭಾವ ಹರಿಹಾಯ್ದ. "ನನ್ನ ಮಾನ ಕಳೆಯೋಕೇ ಬಂದಿದ್ಯಾ?"

ಅಕ್ಕ ಮೆಲ್ಲಗೆ ಹೇಳಿದಳು. "ನೀವು ಬರೆದಿರೋ ಕೊನೇ ಮಾತು ಸುಳ್ಳು. ಸಾಯೋರು ಹಾಗೆಲ್ಲ ಕ್ಷಮಿಸಲ್ಲ."

ಅವನ ಸಿಟ್ಟು ಥಟ್ಟನೆ ಇಳಿಯಿತು. ಕುರ್ಚಿ ಎಳೆದುಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದ. "ಮತ್ತೆ ಏನಂತಾರೆ, ಕ್ಲೋತಿಲ್ಡ್? ಹೇಳು."

ಅಕ್ಕ ಅವನನ್ನೇ ನೋಡಿದಳು. ಆಮೇಲೆ ಅವನೆದುರು ಬಾಯಿ ಬಿಡಲೇ ಇಲ್ಲ. ನೋವು ತಡೆಯಲಾಗದಾಗ ದಿಂಬು ಕಚ್ಚುತ್ತಿದ್ದಳು. "ಒಂದೇ ಒಂದು ಮಾತು, ಚಿನ್ನಾ," ಎಂದು ಅವನು ಗೋಗರೆಯುತ್ತಿದ್ದ. ಬೇಸಿಗೆಯಲ್ಲಿ, ಅವನು ಪೆನ್ಸಿಲ್ ಹಿಡಿದು ಕೂತಿದ್ದಾಗಲೇ, ಗೋಡೆಯ ಕಡೆ ಮುಖ ಮಾಡಿ ತೀರಿಕೊಂಡಳು.

"ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?" ಎಂದು ನನ್ನನ್ನು ಕೇಳಿದ.

"ಬೆಳಿಗ್ಗೆ ಚೆರ್ರಿ ಹಣ್ಣು ಬೇಕು ಅಂದ್ಲು."

"ಅದು ರಂಗಕ್ಕಾಗಲ್ಲ," ಎಂದ.

ಊರಿನ ಲೆಕ್ಕದಲ್ಲಿ ಅಕ್ಕ ಎಂದೋ ಸತ್ತಿದ್ದಳು. ಹಾಗಾಗಿ ಹೆಣದ ಗಾಡಿಯ ಹಿಂದೆ ಹೊರಟವರು ನಾವಿಬ್ಬರೇ. ದಾರಿಯಲ್ಲಿ ಯಾರೋ ದೊಡ್ಡ ಮನುಷ್ಯ ಭಾವನ ಗುರುತು ಹಿಡಿದು, ಟೋಪಿ ತೆಗೆದು, ಯಾರು ಹೋದದ್ದು ಎಂದು ವಿಚಾರಿಸಿದ.

"ನಮ್ಮ ನಾದಿನಿ ಕಡೆಯವರು," ಎಂದ ಭಾವ.

ಆತ ಟೋಪಿ ಹಾಕಿಕೊಂಡು ನಾಟಕದ ಮಾತು ತೆಗೆದ. ಭಾವ ಅವನ ಜೊತೆ ಮಾತಾಡುತ್ತಾ ಹಿಂದುಳಿದ. ನಾನು ಗಾಡಿಯ ಹಿಂದೆ ಒಬ್ಬಳೇ ನಡೆದೆ.